ಬೈಪಾಸಿನಲ್ಲಿ ಕಾಲಿನ ಕಡೆಗೂ ಒಂದು ಕಣ್ಣು

ಪುಷ್ಯ ಷಷ್ಠಿಯ ರಥೋತ್ಸವಕ್ಕೆ, ದನಗಳ ಜಾತ್ರೆಗೆ ಘಾಟಿ ಸುಬ್ರಹ್ಮಣ್ಯಕ್ಕೆ ಬರುವ ಹಿರಿಯರಲ್ಲಿ ಬೈಪಾಸ್ ಮಾಡಿಸಿಕೊಂಡವರು ಈಗ ಅಪರೂಪವಲ್ಲ. ಪಂಚೆ ಎತ್ತಿ ಕಟ್ಟಿದಾಗ ಕಣಕಾಲಿನಿಂದ ತೊಡೆಯವರೆಗೆ ಹೊಲಿಗೆಯ ಗುರುತು ಕಾಣುತ್ತದೆ. 1967ರಲ್ಲಿ ಕ್ಲೀವ್‌ಲೆಂಡ್‌ನಲ್ಲಿ ರೆನೆ ಫವಲೋರೊ ಕಾಲಿನ ರಕ್ತನಾಳವನ್ನು ಹೃದಯಕ್ಕೆ ಜೋಡಿಸಿದಂದಿನಿಂದ ಈ ಗಾಯ ಬೈಪಾಸಿನ ಬೆನ್ನಿಗೇ ಬಂದಿದೆ. ಸಕ್ಕರೆ ಕಾಯಿಲೆಯವರಿಗೆ ಅದು ಕೀವುಗಟ್ಟಿದರೆ ಎದೆ ಮಾಗಿದ ಮೇಲೂ ಕಾಲು ಮಾಗದು.

1990ರ ದಶಕದ ನಡುವಿನಲ್ಲಿ ಎಂಡೋಸ್ಕೋಪ್ ಬಂತು. ಒಂದೆರಡು ಸಣ್ಣ ಸೀಳುಗಳಲ್ಲೇ ರಕ್ತನಾಳ ಹೊರಬಂತು. ಅಮೆರಿಕದಲ್ಲಿ 1,150 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲಿನ ಸೋಂಕು ಶೇ. 3.1ರಿಂದ 1.4ಕ್ಕೆ ಇಳಿದಿತ್ತು. ಇದು ನಿಜವಾದ ಗಳಿಕೆ. ಆದರೆ ಅದರೊಂದಿಗೆ ಬಂದ ಅಪಾಯದ ಲೆಕ್ಕವನ್ನೂ ಇಡಬೇಕು.

ಒಳಗೆ ಜಾಗ ಮಾಡಲು ಇಂಗಾಲದ ಡೈಆಕ್ಸೈಡ್ ಊದುತ್ತಾರೆ. ರಕ್ತನಾಳದ ಕವಲೊಂದು ಹರಿದು, ಅನಿಲದ ಒತ್ತಡ ಅಲ್ಲಿನ ರಕ್ತದ ಒತ್ತಡಕ್ಕಿಂತ ಹೆಚ್ಚಿದ್ದರೆ ಗುಳ್ಳೆಗಳು ನೇರ ಹೃದಯದ ಬಲಭಾಗಕ್ಕೆ ಏರುತ್ತವೆ. ಒಂದು ವರದಿಯಲ್ಲಿ ಸುಮಾರು ಶೇ. 17ರಷ್ಟು ರೋಗಿಗಳಲ್ಲಿ ಗುಳ್ಳೆ ಕಂಡಿತ್ತು. ಹೆಚ್ಚಿನವು ಸಣ್ಣವು, ನಿಜ. ದೊಡ್ಡದಾದರೆ ರಕ್ತದೊತ್ತಡ ಕುಸಿಯುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲ್ಕೋಣೆಗಳ ನಡುವೆ ಹುಟ್ಟಿನ ಸಣ್ಣ ಕಿಂಡಿ ಉಳಿದಿರುತ್ತದೆ. ಅವರಲ್ಲಿ ಗುಳ್ಳೆ ಮಿದುಳನ್ನೂ ಸೇರೀತು.

ಗುರುತಿಸುವುದೇ ಕಷ್ಟ. ಗುಳ್ಳೆ ದೊಡ್ಡದಾದರೆ ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಥಟ್ಟನೆ ಇಳಿಯುತ್ತದೆ, ಚಿಕ್ಕದಾದರೆ ಏರಲೂಬಹುದು. ಊದಿದ ಅನಿಲ ಹೀರಿಕೊಂಡರೂ ಏರುತ್ತದೆ. ಹಾಗಾಗಿ ಆ ಒಂದೇ ಅಂಕಿಯನ್ನು ನಂಬಿ ಕೂರಬಾರದು. ಘಾಟಿಯ ಗರ್ಭಗುಡಿಯಲ್ಲಿ ಸುಬ್ರಹ್ಮಣ್ಯನ ಹಿಂಬದಿಗಿರುವ ನರಸಿಂಹನನ್ನು ತೋರಿಸುವುದು ಕನ್ನಡಿ. ಇಲ್ಲಿ ಆ ಕೆಲಸ ಮಾಡುವುದು ಅನ್ನನಾಳಕ್ಕಿಳಿಸಿ ಹೃದಯವನ್ನು ಹಿಂದಿನಿಂದ ನೋಡುವ ಎಕೋ. ಗುಳ್ಳೆಗಳು ಅದರ ಪರದೆಯ ಮೇಲೆ ಬೆಳ್ಳಗೆ ಮಿನುಗುತ್ತವೆ.

ಎದೆ ತೆರೆಯುವಾಗ ಎಲ್ಲರ ಗಮನ ಎದೆಯ ಮೇಲೆ. ಕಾಲಿನ ಕೆಲಸ ಸಹಾಯಕರ ಪಾಲು. ಇಷ್ಟು ವರ್ಷಗಳ ನಂತರವೂ ನನ್ನ ಆತಂಕ ಇದೇ. ಅನಿಲ ಬಿಟ್ಟಾಗ, ಕವಲು ಹರಿದಾಗ ಕಾಲಿನ ಬಳಿ ಇರುವವರು ಗಟ್ಟಿಯಾಗಿ ಹೇಳಬೇಕು. ಎಕೋ ಪರದೆಯನ್ನು ಆ ಹೊತ್ತಿನಲ್ಲೇ ಒಬ್ಬರು ನೋಡುತ್ತಿರಬೇಕು. ಸಂಶಯ ಬಂದರೆ ಅರಿವಳಿಕೆ ತಜ್ಞರು ಯಾರ ಅಪ್ಪಣೆಗೂ ಕಾಯದೆ ಅನಿಲ ನಿಲ್ಲಿಸಲು ಹೇಳಬೇಕು, ಶೇ. 100 ಆಮ್ಲಜನಕ ಕೊಟ್ಟು, ತಲೆಭಾಗ ತಗ್ಗಿಸಿ, ಹಾರ್ಟ್-ಲಂಗ್ ಯಂತ್ರವನ್ನು ಸಿದ್ಧವಾಗಿಡಬೇಕು. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಬೇಗ ಕರಗುವುದರಿಂದ, ಹೊತ್ತಿಗೆ ನಿಲ್ಲಿಸಿದರೆ ರೋಗಿ ಚೇತರಿಸಿಕೊಳ್ಳುವ ಅವಕಾಶ ದೊಡ್ಡದು.