ಗುಳಿಗೆಯ ಬೆಲೆ ಕಟ್ಟುವವರು ಯಾರು?

ರಾಯಬಾಗ ತಾಲೂಕಿನ ಪಾಲಬಾವಿಯಂಥ ಊರುಗಳಲ್ಲಿ ಎಚ್.ಐ.ವಿ. ಎಂಬ ಹೆಸರನ್ನು ಜನ ಇಂದಿಗೂ ದನಿ ತಗ್ಗಿಸಿಯೇ ಆಡುತ್ತಾರೆ. "ಆ ಬ್ಯಾನಿ" ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಹೆಸರನ್ನೇ ಹೇಳದ ರೋಗದ ಔಷಧದ ವಿಚಾರ ಸಂತೆಯಲ್ಲಿ, ಗಿರಣಿಯ ಬಾಗಿಲಲ್ಲಿ ಚರ್ಚೆಯಾಗುವುದಾದರೂ ಹೇಗೆ? ಉಳ್ಳಾಗಡ್ಡಿಯ ಬೆಲೆ ಎರಡು ರೂಪಾಯಿ ಏರಿದರೆ ಕೂಗಾಡುವ ನಾವು, ಜೀವ ಹಿಡಿದಿಡುವ ಗುಳಿಗೆಯ ಬೆಲೆಯನ್ನು ಯಾರು, ಎಲ್ಲಿ ಕುಳಿತು ಕಟ್ಟುತ್ತಾರೆಂದು ಕೇಳಿದ್ದಿಲ್ಲ. ಕಾಮಗಾರ ಬಂಧುಗಳೂ ಚಿಲ್ಲರೆ ವ್ಯಾಪಾರಿಗಳೂ ಅದನ್ನು ಕೇಳಬೇಕಾದ ಕಾಲ ಬಂದಿದೆ.

ಒಂದು ಕಾಲಕ್ಕೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಕರ್ನಾಟಕದಲ್ಲಿ ಈ ರೋಗ ಹೆಚ್ಚಾಗಿದ್ದ ಜಿಲ್ಲೆಗಳ ಸಾಲಿನಲ್ಲಿದ್ದವು. ದುಡಿಮೆಗಾಗಿ ಗಡಿ ದಾಟಿ ಹೋದ ಗಂಡಸು ರೋಗವನ್ನು ಹೊತ್ತು ತಂದರೆ, ಹೊಲ ಮನೆ ಬಿಟ್ಟು ಕದಲದ ಹೆಂಗಸು ಅದನ್ನು ಉಣ್ಣಬೇಕಾಯಿತು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯಿದೆ 1982ರಲ್ಲಿ ಆಯಿತಾದರೂ ಅದರ ಪಾಪವನ್ನೆಲ್ಲ ಆ ಹೆಣ್ಣುಮಕ್ಕಳ ತಲೆಗೇ ಕಟ್ಟಿದ ಸಮಾಜ ನಮ್ಮದು.

ಈಗ ಔಷಧದ ಮಾತು. ನಮ್ಮ ವಾಚಕರಲ್ಲಿ ಮಗ್ಗದ ಕೆಲಸ ಬಲ್ಲವರು ಬಹಳ. ಮಗ್ಗದಿಂದ ಬಟ್ಟೆ ಒಂದೇ ಉದ್ದ ಥಾನಾಗಿ ಇಳಿಯುತ್ತದೆ. ಕತ್ತರಿ ಬೀಳುವ ತನಕ ಅದು ಅಂಗಿಯೂ ಅಲ್ಲ, ಧೋತರವೂ ಅಲ್ಲ. ಎಚ್.ಐ.ವಿ. ವೈರಾಣುವೂ ಹಾಗೆಯೇ. ನಮ್ಮ ಜೀವಕೋಶದೊಳಗೆ ಹೊಕ್ಕು ತನಗೆ ಬೇಕಾದ ಪ್ರೋಟೀನನ್ನು ಉದ್ದನ್ನ ಎಳೆಯಾಗಿ ನೇಯಿಸಿಕೊಳ್ಳುತ್ತದೆ. ಆ ಎಳೆಯನ್ನು ತಕ್ಕ ತುಂಡುಗಳಾಗಿ ಕತ್ತರಿಸಲು ಅದರ ಹತ್ತಿರ ಒಂದು ಕತ್ತರಿಯಿದೆ. ಅದಕ್ಕೆ ಪ್ರೋಟಿಯೇಸ್ ಎಂದು ಹೆಸರು. ಪ್ರೋಟಿಯೇಸ್ ತಡೆ ಔಷಧವು ಈ ಕತ್ತರಿಯ ಬಾಯಿಯಲ್ಲಿ ಸಿಕ್ಕಿಕೊಂಡು ಕೂಡುತ್ತದೆ. ಆಗ ಹುಟ್ಟುವ ವೈರಾಣು ಕತ್ತರಿಸದ ಥಾನು: ಇದ್ದೂ ಇಲ್ಲದಂತೆ, ಇನ್ನೊಂದು ಕೋಶಕ್ಕೆ ರೋಗ ಹಚ್ಚಲಾರದು.

ಕತ್ತರಿಯೂ ಅದರ ತಡೆಯೂ ಪ್ರಕೃತಿಯಲ್ಲಿ ಹೊಸದೇನಲ್ಲ. ನಮ್ಮ ಹೊಟ್ಟೆಯಲ್ಲಿ ಬೇಳೆಯನ್ನು ಅರಗಿಸುವುದೂ ಇಂಥ ಕತ್ತರಿಗಳೇ. ಹಸಿ ಹುರಳಿಯಲ್ಲಿ, ಹಸಿ ಸೋಯಾದಲ್ಲಿ ಅವನ್ನು ತಡೆಯುವ ಪದಾರ್ಥವಿದೆ. ಕುದಿಸಿದರೆ ಅದರ ಶಕ್ತಿ ಕುಂದುತ್ತದೆ. ಹುರಳಿಯನ್ನು ಚೆನ್ನಾಗಿ ಬೇಯಿಸಬೇಕೆಂದು ನಮ್ಮ ಅವ್ವಂದಿರಿಗೆ ಯಾವ ಕಂಪನಿಯೂ ಪೇಟೆಂಟ್ ಪಡೆದು ಕಲಿಸಲಿಲ್ಲ.

ಇಂಥ ಮೊದಲ ಎಚ್.ಐ.ವಿ. ಔಷಧ ಸಾಕ್ವಿನವಿರ್‌ಗೆ ಅಮೇರಿಕೆಯಲ್ಲಿ 1995ರ ಡಿಸೆಂಬರದಲ್ಲಿ ಒಪ್ಪಿಗೆ ದೊರೆಯಿತು. ರಿಟೋನವಿರ್, ಇಂಡಿನವಿರ್ 1996ರಲ್ಲಿ ಬಂದವು. ಮೂರು ಔಷಧ ಕೂಡಿಸಿ ಕೊಡತೊಡಗಿದಾಗ ಸಾವಿನ ಹಾಸಿಗೆಯಲ್ಲಿದ್ದವರು ಎದ್ದು ಕೆಲಸಕ್ಕೆ ಹೋದರು. ಆದರೆ ಎದ್ದವರು ಸಿರಿವಂತ ದೇಶದವರು. ವರ್ಷಕ್ಕೆ ಒಬ್ಬರಿಗೆ 10,000 ಡಾಲರಿಗೂ ಮಿಕ್ಕಿದ ಖರ್ಚು! 2001ರ ಫೆಬ್ರುವರಿಯಲ್ಲಿ ಸಿಪ್ಲಾ ಕಂಪನಿಯ ಡಾ. ಯೂಸುಫ್ ಹಮೀದರು ಬೇರೆ ಜಾತಿಯ ಮೂರು ಔಷಧಗಳ ಕೂಟವನ್ನು ವರ್ಷಕ್ಕೆ 350 ಡಾಲರಿಗೆ ಕೊಡುವೆವೆಂದು ಸಾರಿದರು. ಹಾಗಾದರೆ ಉಳಿದ ಹಣ ಎಲ್ಲಿ ಹೋಗುತ್ತಿತ್ತು? ಸಂಶೋಧನೆಗೆ ಎಂದು ಕಂಪನಿಗಳು ಹೇಳುತ್ತವೆ. ಸಂಶೋಧನೆಗೆ ಖರ್ಚಿದೆ, ಅಲ್ಲಗಳೆಯುವುದಿಲ್ಲ. ಆದರೆ ಇನ್ನೊಂದು ಸಂಗತಿಯನ್ನೂ ನೋಡಿರಿ. ರಿಟೋನವಿರ್ ಜೊತೆಗಾರ ಔಷಧವನ್ನು ಯಕೃತ್ತು ಬೇಗ ಕರಗಿಸದಂತೆ ಕಾಯುತ್ತದೆ. ಆದ್ದರಿಂದ ಇತರ ಕಂಪನಿಗಳ ಗುಳಿಗೆಗೂ ಅದು ಬೇಕೇ ಬೇಕು. 2003ರ ಡಿಸೆಂಬರದಲ್ಲಿ ಅಬಾಟ್ ಕಂಪನಿ ಅಮೇರಿಕೆಯಲ್ಲಿ ಅದರ ಬೆಲೆಯನ್ನು ಒಮ್ಮೆಲೇ ಐದು ಪಟ್ಟು ಮಾಡಿತು. ಏಳು ವರ್ಷದ ಹಿಂದೆ ಪೇಟೆಗೆ ಬಂದ ಗುಳಿಗೆಗೆ ಅಂದು ಯಾವ ಹೊಸ ಸಂಶೋಧನೆ ನಡೆಯಿತು?

ಭಾರತದಲ್ಲಿ ಅಗ್ಗದ ಔಷಧ ತಾನಾಗಿ ಬೆಳೆದದ್ದಲ್ಲ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಕೊಟ್ಟ ವರದಿಯ ಮೇಲೆ 1970ರ ಪೇಟೆಂಟ್ ಕಾಯಿದೆ ಬಂತು. ಔಷಧಕ್ಕಲ್ಲ, ಅದನ್ನು ಮಾಡುವ ವಿಧಾನಕ್ಕೆ ಮಾತ್ರ ಪೇಟೆಂಟ್ ಎಂದು ಅದು ಹೇಳಿತು. ಜಾಗತಿಕ ವ್ಯಾಪಾರ ಒಪ್ಪಂದಕ್ಕೆ ಮಣಿದು 2005ರಲ್ಲಿ ಆ ಕಾಯಿದೆಯನ್ನು ತಿದ್ದಿದರು. ಆದರೂ ಎಡಪಕ್ಷಗಳ ಒತ್ತಾಯದಿಂದ 3(ಡಿ) ಎಂಬ ಕಲಮು ಉಳಿಯಿತು: ಹಳೆಯ ಔಷಧಕ್ಕೆ ಹೊಸ ಅಂಗಿ ತೊಡಿಸಿ ಮತ್ತೆ ಪೇಟೆಂಟ್ ಕೇಳುವಂತಿಲ್ಲ. ಯಾರೇ ಆಗಲಿ ಮುಂಚಿತವಾಗಿ ತಕರಾರು ಹಾಕುವ ಹಕ್ಕೂ ಉಳಿಯಿತು. ಆ ಹಕ್ಕಿನ ಫಲ ಕಣ್ಣೆದುರಿಗಿದೆ. ಲೋಪಿನವಿರ್ ಮತ್ತು ರಿಟೋನವಿರ್ ಕೂಡಿದ ಹಳೆಯ ಕ್ಯಾಪ್ಸೂಲನ್ನು ತಂಪು ಪೆಟ್ಟಿಗೆಯಲ್ಲಿಡಬೇಕಿತ್ತು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬಡವನ ತಗಡಿನ ಮನೆಗೆ ಅದು ಎಲ್ಲಿಯ ಮಾತು? ಬಿಸಿಲು ತಾಳುವ ಗುಳಿಗೆ ಆಮೇಲೆ ಬಂತು. ಈ ಜೋಡಿ ಔಷಧದ ಮೇಲೆ ಅಬಾಟ್ ಕೇಳಿದ ಪೇಟೆಂಟಿಗೆ ರೋಗಿಗಳ ಪರವಾದ ಸಂಸ್ಥೆಯೂ ಔಷಧ ತಯಾರಕರೂ ತಕರಾರು ಹಾಕಿದರು. ಅರ್ಜಿ ತಿರಸ್ಕೃತವಾದ ಸುದ್ದಿ 2011ರ ಆರಂಭದಲ್ಲಿ ಹೊರಬಿತ್ತು.

ಸರಕಾರ ಉಚಿತ ಔಷಧ ಕೊಡತೊಡಗಿದ್ದು 2004ರ ಏಪ್ರಿಲ್ 1ರಿಂದ. ಮೊದಲ ಔಷಧ ನಾಟದೆ ಹೋದವರಿಗೆ ಪ್ರೋಟಿಯೇಸ್ ತಡೆ ಗುಳಿಗೆ ಕೊಡಲಾರಂಭಿಸಿದ್ದು 2008ರಲ್ಲಿ, ಅದೂ ಮೊದಲಿಗೆ ಮುಂಬಯಿ, ಚೆನ್ನೈ ಎರಡೇ ಕಡೆ. ಇಂದು ಮೊದಲ ಹಂತಕ್ಕೆ ಕೊಡುವುದು ಡೊಲುಟೆಗ್ರವಿರ್ ಇರುವ ಗುಳಿಗೆ. ಅದು ಕೈಕೊಟ್ಟಾಗ ಇವೇ ಕತ್ತರಿ ಹಿಡಿಯುವ ಔಷಧಗಳು ಆಸರೆಗೆ ಬರುತ್ತವೆ.

"ತಾವೇ ತಂದುಕೊಂಡ ರೋಗಕ್ಕೆ ಸರಕಾರದ ದುಡ್ಡು ಏಕೆ?" ಎಂದು ನಮ್ಮ ಮಿತ್ರರೇ ಕೆಲವರು ಕೇಳುತ್ತಾರೆ. ತಂಬಾಕು ತಿಂದು ಬಾಯಿ ಹುಣ್ಣಾದವನಿಗೆ ದವಾಖಾನೆಯ ಬಾಗಿಲು ಮುಚ್ಚುತ್ತೇವೆಯೆ? ತಾಯಿಯಿಂದ ರೋಗ ಪಡೆದು ಹುಟ್ಟಿದ ಕೂಸು ಏನನ್ನು ತಂದುಕೊಂಡಿತು? ಬಿಡದೆ ಗುಳಿಗೆ ನುಂಗಿ ವೈರಾಣುವನ್ನು ಹತ್ತಿಕ್ಕಿದವರಿಂದ ಜೊತೆಗಾರರಿಗೆ ರೋಗ ಹರಡದು ಎಂಬುದು ಇಂದು ಸಿದ್ಧವಾದ ಮಾತು. ಅವರ ಔಷಧಕ್ಕೆ ಹಾಕಿದ ದುಡ್ಡು ಊರಿಗೇ ಹಾಕಿದ ಬೇಲಿ.

ಗುಳಿಗೆ ಉಚಿತವಾದರೂ ಅದನ್ನು ತರುವ ದಿನ ಉಚಿತವಲ್ಲ. ಪಾಲಬಾವಿಯವನು ಬಸ್ಸು ಹಿಡಿದು ಕೇಂದ್ರಕ್ಕೆ ಹೋದರೆ ಅಂದಿನ ಪಗಾರ ಹೋಯಿತು. ಕಿರಾಣಿಯವನಾದರೆ ಅಂಗಡಿಗೆ ಬೀಗ. ಕಾರಣ ಹೇಳಿ ರಜೆ ಕೇಳಿದರೆ ಗುಟ್ಟು ರಟ್ಟು. 2017ರ ಎಚ್.ಐ.ವಿ. ಕಾಯಿದೆ ಕೆಲಸದಲ್ಲಿ ಭೇದ ಮಾಡಕೂಡದೆನ್ನುತ್ತದೆ. ಆದರೆ ಚಿಕಿತ್ಸೆಯ ವಿಷಯ ಬಂದಾಗ "ಸಾಧ್ಯವಾದಷ್ಟು ಮಟ್ಟಿಗೆ" ಎಂಬ ಮಾತು ಸೇರಿಸಿ ಸರಕಾರ ತನಗೆ ಹಿಂಬಾಗಿಲು ಇಟ್ಟುಕೊಂಡಿದೆ. 2022ರಲ್ಲಿ ಔಷಧದ ಕೊರತೆಯೆಂದು ರೋಗಿಗಳೇ ದಿಲ್ಲಿಯ ನ್ಯಾಕೋ ಕಚೇರಿಯಲ್ಲಿ 40 ದಿನ ಧರಣಿ ಕೂಡಬೇಕಾಯಿತು.

2024ರ ಮಾರ್ಚದಲ್ಲಿ ಪೇಟೆಂಟ್ ನಿಯಮಗಳನ್ನು ತಿದ್ದಿ, ಅದುವರೆಗೆ ಶುಲ್ಕವಿಲ್ಲದಿದ್ದ ಮುಂಚಿನ ತಕರಾರಿಗೆ ಶುಲ್ಕ ಹಚ್ಚಿದ್ದಾರೆ. ತಕರಾರನ್ನು ವಿಚಾರಣೆಗೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ಅಧಿಕಾರಿಯೇ ಮೊದಲು ತೀರ್ಮಾನಿಸುತ್ತಾನೆ. ಈ ತಿದ್ದುಪಡಿ ರದ್ದಾಗಬೇಕು. ಔಷಧ ತರುವ ದಿನಕ್ಕೆ, ಯಾವ ರೋಗವೆಂದು ಕೇಳದೆ, ಪಗಾರಿ ರಜೆ ಕೊಡಬೇಕೆಂಬ ಬೇಡಿಕೆಯನ್ನು ಕಾಮಗಾರ ಸಂಘಗಳು ಮುಂದಿನ ಕರಾರಿನಲ್ಲಿಯೇ ಸೇರಿಸಲಿ. ಅದಕ್ಕೆ ದಿಲ್ಲಿಗೆ ಹೋಗಬೇಕಾಗಿಲ್ಲ, ಗಿರಣಿಯ ಆಫೀಸಿನವರೆಗೆ ಹೋದರೆ ಸಾಕು.