ಕೀಲಿಕೈ ಯಾರ ಹತ್ತಿರ?

ಪರೀಕ್ಷೆಯ ಫಲಿತಾಂಶ ಬಂದು ಕಾಲೇಜುಗಳ ಪ್ರವೇಶ ಆರಂಭವಾಯಿತೆಂದರೆ ಧಾರವಾಡದ ಝೆರಾಕ್ಸ್ ಅಂಗಡಿಗಳ ಮುಂದೆ ಜಾತ್ರೆ ನೆರೆಯುತ್ತದೆ. ನವಲಗುಂದ, ಕಲಘಟಗಿ, ಸವದತ್ತಿಗಳ ಕಡೆಯಿಂದ ಬಂದ ವಿದ್ಯಾರ್ಥಿಗಳು, ಅವರ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರಗಳನ್ನು ಎದೆಗವಚಿಕೊಂಡ ಪಾಲಕರು. ಈಚೆಗೆ ಎಷ್ಟೋ ಮಕ್ಕಳ ಕೈಯಲ್ಲಿ ಆ ಚೀಲವೂ ಇರುವುದಿಲ್ಲ. ಕೇಳಿದರೆ ‘ಎಲ್ಲಾ ಮೊಬೈಲಿನಾಗ ಐತ್ರಿ’ ಎನ್ನುತ್ತಾರೆ.

ಮೊಬೈಲಿನಲ್ಲಿ ಇರುವುದೇನೋ ನಿಜ. ಆದರೆ ಬೇಕಾದ ಹೊತ್ತಿಗೆ ಅದು ಕೈಗೆ ಸಿಗುವುದೇ, ಸಿಕ್ಕರೂ ನಡೆಯುವುದೇ ಎಂಬುದು ಬೇರೆ ಮಾತು. ಕಾಲೇಜಿನ ಕೌಂಟರಿನ ಮುಂದೆ ಸರದಿಯಲ್ಲಿ ನಿಂತ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಫೋಟೋ ತೋರಿಸುತ್ತಾನೆ. ಒಳಗಿನ ಗುಮಾಸ್ತರು ತಲೆಯಾಡಿಸುತ್ತಾರೆ: ‘ಇದು ಬರೇ ಫೋಟೋ ಐತಲ್ಲೋ ತಮ್ಮಾ, ಡಿಜಿಲಾಕರ್ ಒಳಗಿಂದು ತೋರಸು.’ ಹುಡುಗ ಡಿಜಿಲಾಕರ್ ತೆರೆಯಲು ಹೋದರೆ ಒಟಿಪಿ ಬರುವುದು ಊರಲ್ಲಿ, ಹೊಲದಲ್ಲಿರುವ ತಂದೆಯ ಮೊಬೈಲಿಗೆ! ಹುಡುಗ ಫೋನು ಮಾಡುತ್ತಾನೆ.

‘ಯಪ್ಪಾ, ನಿನ್ನ ಮೊಬೈಲಿಗೆ ಒಂದ್ ನಂಬರ್ ಬಂದೈತಿ, ಲಗೂ ಹೇಳು.’

‘ಆ ನಂಬರ್ ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನವರು ಹೇಳ್ಯಾರಲ್ಲೋ?’

‘ನಾ ನಿನ್ನ ಮಗಾ ಮಾತಾಡಾಕತ್ತೇನಿ!’

ತಂದೆ ಕನ್ನಡಕ ಹುಡುಕಿ, ಅಂಕಿಗಳನ್ನು ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಸರದಿ ಮುಂದೆ ಹೋಗಿರುತ್ತದೆ.

ಇಲ್ಲಿ ಮಗನ ಅವಸರ ತಪ್ಪಲ್ಲ, ತಂದೆಯ ಅನುಮಾನವೂ ತಪ್ಪಲ್ಲ. ಮನೆಯಲ್ಲಿ ಕುಳಿತು ಮೊದಲೇ ಮಾಡಬೇಕಾದ ಕೆಲಸವನ್ನು ಸರದಿಯಲ್ಲಿ ನಿಂತು ಮಾಡಹೊರಟಿದ್ದೇ ತಪ್ಪು.

ಕೇಂದ್ರ ಸರಕಾರದ ಡಿಜಿಲಾಕರ್ 2015ರ ಜುಲೈ 1ರಂದು ವಿಧ್ಯುಕ್ತವಾಗಿ ಆರಂಭವಾಯಿತು. ಇದರಲ್ಲಿ ಎರಡು ಖಾನೆಗಳಿವೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಒಂದು, ಪರೀಕ್ಷಾ ಮಂಡಳಿ, ವಿಶ್ವವಿದ್ಯಾಲಯ, ಸಾರಿಗೆ ಇಲಾಖೆಯಂಥ ಸಂಸ್ಥೆಗಳು ತಮ್ಮ ದಫ್ತರದಿಂದಲೇ ನೇರವಾಗಿ ಕೊಡುವ ದಾಖಲೆಗಳದು. ಇನ್ನೊಂದು, ನಾವೇ ಫೋಟೋ ತೆಗೆದೋ ಸ್ಕ್ಯಾನ್ ಮಾಡಿಯೋ ಹಾಕಿಟ್ಟುಕೊಳ್ಳುವ ಕಾಗದಗಳದು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2016ರಲ್ಲಿ ಬಂದು, 2017ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಮೊದಲನೆಯ ಖಾನೆಯ ದಾಖಲೆಗೆ ಮೂಲಪ್ರತಿಯ ಸಮಾನ ಬೆಲೆ ಇದೆ. ಎರಡನೆಯದಕ್ಕೆ ಆ ಬೆಲೆ ಇಲ್ಲ. ಡಿಜಿಲಾಕರ್‌ನಲ್ಲಿ ಇಟ್ಟ ಮಾತ್ರಕ್ಕೆ ಫೋಟೋ ಅಸಲು ಆಗದು. ಸಂಸ್ಥೆಯು ಯಾವ ವರ್ಷಗಳ ದಾಖಲೆಗಳನ್ನು ಸೇರಿಸಿದೆಯೋ ಅವಷ್ಟೇ ಸಿಗುತ್ತವೆ. ಆದ್ದರಿಂದ ತಮ್ಮ ಅಂಕಪಟ್ಟಿ ಅಲ್ಲಿದೆಯೇ ಎಂದು ಪ್ರವೇಶಕ್ಕೆ ಮೊದಲೇ ನೋಡಿಟ್ಟುಕೊಳ್ಳಬೇಕು. ಕಾಗದದ ಮೂಲಪ್ರತಿಯನ್ನು ಕೇಳುವ ಕಾಲೇಜುಗಳೂ ಇರುವುದರಿಂದ ಮನೆಯ ಟ್ರಂಕಿಗೆ ಇನ್ನೂ ನಿವೃತ್ತಿ ಇಲ್ಲ.

ಎರಡನೆಯ ಮಾತು ಕೀಲಿಕೈಯದು. ಮಕ್ಕಳು ಚಿಕ್ಕವರಿದ್ದಾಗ ಆಧಾರ್ ಮಾಡಿಸುವಾಗ ತಂದೆಯ ಮೊಬೈಲ್ ನಂಬರನ್ನೇ ಕೊಡುವುದು ವಾಡಿಕೆ. ಆಮೇಲೆ ಅದು ಮರೆತೇ ಹೋಗುತ್ತದೆ. ಕೆಲವು ಮನೆಗಳಲ್ಲಿ ಆ ನಂಬರು ಬಂದ್ ಆಗಿ ವರ್ಷಗಳೇ ಕಳೆದಿರುತ್ತವೆ. ಹದಿನೈದು ವರ್ಷ ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತನ್ನು ಹೊಸದಾಗಿ ಕೊಡಲು ಹೇಗೂ ಆಧಾರ್ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಅದೇ ಸಲ ಚಾಲ್ತಿಯಲ್ಲಿರುವ, ವಿದ್ಯಾರ್ಥಿಯ ಕೈಗೆಟುಕುವ ನಂಬರನ್ನು ಜೋಡಿಸಿಕೊಂಡು ಬಂದರೆ ಮುಂದಿನ ಪೇಚಾಟ ತಪ್ಪುತ್ತದೆ.

ಮೂರನೆಯದು, ಒಂದೇ ಕಡೆ ಇಟ್ಟದ್ದು ಇಟ್ಟಂತೆ ಅಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆಯರು ಉಕ್ಕಿ ಹರಿದಾಗ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ದವಸಧಾನ್ಯದೊಂದಿಗೆ ಮಕ್ಕಳ ಕಾಗದಪತ್ರಗಳೂ ನೀರುಪಾಲಾದವು. ಟ್ರಂಕಿಗೆ ನೆರೆಯ ಭಯವಾದರೆ ಮೊಬೈಲಿಗೆ ಕಳ್ಳರ ಭಯ, ಬಿದ್ದು ಒಡೆಯುವ ಭಯ. ಆ್ಯಪ್‌ಗಳಿಗೂ ಆಯುಷ್ಯ ಬರೆದಿಟ್ಟಿಲ್ಲ. 2020ರ ಜೂನ್ 29ರಂದು ಕೇಂದ್ರ ಸರಕಾರ 59 ಚೀನೀ ಮೂಲದ ಆ್ಯಪ್‌ಗಳನ್ನು ನಿಷೇಧಿಸಿತು. ಫೈಲು ಹಂಚಲು ಹುಡುಗರು ಬಳಸುತ್ತಿದ್ದ ಶೇರ್‌ಇಟ್, ಝೆಂಡರ್‌ಗಳೂ, ನೋಟ್ಸ್ ಸ್ಕ್ಯಾನ್ ಮಾಡಲು ಬಳಸುತ್ತಿದ್ದ ಕ್ಯಾಮ್‌ಸ್ಕ್ಯಾನರ್ ಕೂಡ ಆ ಪಟ್ಟಿಯಲ್ಲಿದ್ದವು. ಆದಕಾರಣ ಮುಖ್ಯ ಫೈಲುಗಳ ಇನ್ನೊಂದು ಪ್ರತಿ ಬೇರೊಂದು ಕಡೆ ಇರಲೇಬೇಕು. ಗೂಗಲ್ ಖಾತೆಯಲ್ಲಿ 15 ಜಿಬಿ ಸ್ಥಳ ಉಚಿತವಾಗಿ ಸಿಗುತ್ತದೆ. ಆದರೆ ಅದು ಡ್ರೈವ್, ಜಿಮೇಲ್, ಫೋಟೋಸ್ ಮೂರಕ್ಕೂ ಸೇರಿದ್ದು. ಮದುವೆ ಮನೆಯ ವಿಡಿಯೋಗಳಿಂದ ಅದು ತುಂಬಿಹೋದರೆ ಅಂಕಪಟ್ಟಿಗೆ ಜಾಗ ಉಳಿಯದು. ವಾಟ್ಸ್‌ಆ್ಯಪ್ ಗುಂಪನ್ನು ಉಗ್ರಾಣವೆಂದು ನಂಬುವುದಂತೂ ಬೇಡ. ಅಲ್ಲಿ ಫೋಟೋ ಎಂದು ಕಳಿಸಿದರೆ ಚಿತ್ರ ಕುಗ್ಗಿ ಅಕ್ಷರಗಳು ಮಸುಕಾಗುತ್ತವೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಬೇಕು.

ಇನ್ನು ಹಂಚಿಕೊಳ್ಳುವುದು. ಇಡುವುದಕ್ಕಿಂತ ಇದರಲ್ಲೇ ಹೆಚ್ಚು ಎಚ್ಚರ ಬೇಕು. ಪ್ರಿಂಟ್ ತೆಗೆಸಲು ಝೆರಾಕ್ಸ್ ಅಂಗಡಿಯ ನಂಬರಿಗೆ ಆಧಾರ್ ಕಾರ್ಡನ್ನು ಕಳಿಸುತ್ತೇವೆ. ಕಾಗದ ನಮ್ಮ ಕೈಗೆ ಬರುತ್ತದೆ, ಫೈಲು ಅಲ್ಲೇ ಉಳಿಯುತ್ತದೆ. ಅಂಗಡಿಯವರು ಸಜ್ಜನರೇ ಇರಬಹುದು. ಆದರೆ ಆ ಕಂಪ್ಯೂಟರಿನ ಮುಂದೆ ದಿನಕ್ಕೆ ನೂರು ಜನ ನಿಲ್ಲುತ್ತಾರೆ. ಪ್ರಿಂಟ್ ಆದ ಕೂಡಲೇ ‘ಅಣ್ಣಾರ, ನಮ್ಮ ಫೈಲ್ ತಗದ ಬಿಡ್ರಿ’ ಎಂದು ಹೇಳಿ, ಎದುರಿಗೇ ಅಳಿಸಿಸಲು ಸಂಕೋಚಪಡಬೇಕಾಗಿಲ್ಲ. ಅವರ ಕಂಪ್ಯೂಟರಿನಲ್ಲಿ ನಮ್ಮ ಇಮೇಲನ್ನೋ ವಾಟ್ಸ್‌ಆ್ಯಪನ್ನೋ ತೆರೆದಿದ್ದರೆ ಲಾಗ್‌ಔಟ್ ಮಾಡಿಯೇ ಏಳಬೇಕು. ಪೂರ್ಣ ಆಧಾರ್ ಸಂಖ್ಯೆ ಬೇಡವಾದ ಕಡೆ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದು. ಅದು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. ಡ್ರೈವ್‌ನಿಂದ ಗೆಳೆಯರಿಗೆ ನೋಟ್ಸ್ ಕೊಡುವಾಗ ‘ಲಿಂಕ್ ಇರುವ ಯಾರಾದರೂ’ ಎಂದು ಬಿಟ್ಟರೆ, ಆ ಲಿಂಕು ಯಾರ ಯಾರ ಕೈ ಸೇರುವುದೋ ಹೇಳಲಾಗದು. ನೋಟ್ಸಿಗೆ ಅದು ನಡೆದೀತು, ಜಾತಿ ಆದಾಯ ಪ್ರಮಾಣಪತ್ರಕ್ಕೆ, ಬ್ಯಾಂಕ್ ಪಾಸ್‌ಬುಕ್ಕಿಗೆ ನಡೆಯದು.

ಹಿಂದಿನ ಕಾಲದ ಅಜ್ಜಿಯರು ಟ್ರಂಕಿನ ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ತಿರುಗುತ್ತಿದ್ದರು. ಆ ಟ್ರಂಕಿನೊಳಗೆ ಏನಿದೆ, ಅದನ್ನು ಯಾರಿಗೆ ತೆಗೆದುಕೊಡಬೇಕು ಎಂಬುದು ಅವರಿಗೆ ಬಾಯಿಪಾಠ. ಬರುವ ಭಾನುವಾರ ಊಟವಾದ ಮೇಲೆ ಪಾಲಕರೂ ಮಕ್ಕಳೂ ಒಂದು ತಾಸು ಜೊತೆಯಾಗಿ ಕುಳಿತು ಅಂಥದೇ ಲೆಕ್ಕ ಹಾಕಿಕೊಳ್ಳಲಿ: ಆಧಾರಿಗೆ ಯಾರ ನಂಬರಿದೆ, ಅಂಕಪಟ್ಟಿ ಯಾವ ಖಾನೆಯಲ್ಲಿದೆ, ಎರಡನೆಯ ಪ್ರತಿ ಎಲ್ಲಿದೆ, ಒಟಿಪಿ ಕೇಳಿ ಫೋನು ಬಂದರೆ ಅದು ಮಗನದೇ ಎಂದು ತಿಳಿಯುವುದು ಹೇಗೆ. ಆಗ ಸರದಿಯಲ್ಲಿ ನಿಂತ ಮಗನಿಗೂ ಹೊಲದಲ್ಲಿರುವ ತಂದೆಗೂ ಫೋನಿನಲ್ಲಿ ಜಗಳವಾಡುವ ಪ್ರಸಂಗ ಬಾರದು.