ಗೋಡೆಯ ಮೇಲೆ ಕುಳಿತ ಸೊಳ್ಳೆ

ಹಳಿಯಾಳ, ದಾಂಡೇಲಿ, ಮುಂಡಗೋಡ, ಅಂದಿನ ಸೂಪಾ ಅಂದರೆ ಇಂದಿನ ಜೋಯಿಡಾ. ಘಟ್ಟದ ಮೇಲಿನ ಈ ಸೀಮೆಯ ಹೆಸರು ಕೇಳಿದರೆ ಒಂದು ಕಾಲಕ್ಕೆ ಸರಕಾರಿ ನೌಕರರ ಎದೆ ಝಲ್ಲೆನ್ನುತ್ತಿತ್ತು. ಸೂಪಾಕ್ಕೆ ವರ್ಗವಾಯಿತೆಂದರೆ ಶಿಕ್ಷೆಯಾಯಿತೆಂದೇ ಲೆಕ್ಕ. ಅಂಜಿಕೆ ಹುಲಿಯದಲ್ಲ, ಚಳಿಜ್ವರದ್ದು. ಮಲೇರಿಯಾ ಮತ್ತೆ ಮತ್ತೆ ಬಂದ ಮಕ್ಕಳ ಹೊಟ್ಟೆಯ ಎಡಭಾಗವನ್ನು ಒತ್ತಿ ನೋಡಿದರೆ ಗಟ್ಟಿಯಾದ ಜ್ವರಗಡ್ಡೆ ಕೈಗೆ ಸಿಗುತ್ತಿತ್ತು. ಅದು ಊದಿಕೊಂಡ ಗುಲ್ಮ. ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ.

ಈ ಜ್ವರವನ್ನು ಹರಡುತ್ತಿದ್ದುದು ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ. ಕೊಳಚೆ ಇದಕ್ಕೆ ಬೇಡ. ಹುಲ್ಲಿನ ಅಂಚಿರುವ, ಮೆಲ್ಲಗೆ ಹರಿಯುವ ತಿಳಿನೀರಿನ ಹಳ್ಳವೇ ಇದರ ತೊಟ್ಟಿಲು. ಕಾಡಿನ ಸೀಮೆಯಲ್ಲಿ ಅಂಥ ಹಳ್ಳಗಳಿಗೇನು ಕೊರತೆ? ಎಲ್ಲಕ್ಕೂ ಎಣ್ಣೆ ಹೊಯ್ಯುವುದು ಆಗದ ಮಾತು.

1946ರಲ್ಲಿ ಆಗಿನ ಮುಂಬಯಿ ಸರಕಾರದ ಮಲೇರಿಯಾ ತಜ್ಞ ಡಾ. ಡಿ.ಕೆ. ವಿಶ್ವನಾಥನ್ ಮತ್ತು ಕೀಟತಜ್ಞ ಟಿ. ರಾಮಚಂದ್ರ ರಾವ್ ಅವರು ಕೆನರಾ ಹಾಗೂ ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಬೇರೊಂದು ದಾರಿ ಹಿಡಿದರು. ಹಳ್ಳವನ್ನು ಬಿಟ್ಟು ಮನೆಯ ಗೋಡೆಗೆ ಕೈ ಹಾಕಿದರು. ಡಿಡಿಟಿ ಎಂಬ ಹೊಸ ಪುಡಿಯನ್ನು ನೀರಿನಲ್ಲಿ ಕದಡಿ, ಕೈಪಂಪಿನಿಂದ ಒಳಗೋಡೆಗಳಿಗೆ ಸಿಂಪಡಿಸಿದರು.

ಇದರ ಹಿಂದಿನ ಲೆಕ್ಕಾಚಾರ ವಿದ್ಯಾರ್ಥಿಗಳು ಗಮನಿಸಬೇಕಾದದ್ದು. ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ. ಹೊಟ್ಟೆ ತುಂಬಿದ ಮೇಲೆ ಅದಕ್ಕೆ ಭಾರ. ಹತ್ತಿರದ ಗೋಡೆಯ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತದೆ. ರೋಗಿಯ ರಕ್ತದೊಡನೆ ಒಳಹೊಕ್ಕ ಮಲೇರಿಯಾ ಪರೋಪಜೀವಿ ಸೊಳ್ಳೆಯ ದೇಹದಲ್ಲಿ ಬೆಳೆದು ಇನ್ನೊಬ್ಬರಿಗೆ ದಾಟಲು ಸುಮಾರು 10ರಿಂದ 14 ದಿನ ಬೇಕು. ಅಷ್ಟರೊಳಗೆ ಸೊಳ್ಳೆ ಹಲವು ಬಾರಿ ಗೋಡೆಯ ಮೇಲೆ ಕೂರಲೇಬೇಕು. ಒಮ್ಮೆ ವಿಷ ತಗಲಿದರೂ ಸಾಕು, ಸರಪಳಿ ಕಡಿಯಿತು. ಹಳ್ಳದಲ್ಲಿ ಸಾವಿರ ಸೊಳ್ಳೆ ಹುಟ್ಟಲಿ, ಮುದಿಯಾಗುವವರೆಗೆ ಬದುಕಬಾರದು, ಅಷ್ಟೆ.

ಅಡ್ಡಿ ಬಂದದ್ದು ವಿಚಿತ್ರ ಕಡೆಯಿಂದ. ಹಬ್ಬ ಬಂತೆಂದು ಮನೆಯಾಕೆ ಮಣ್ಣು ಸಗಣಿ ಕಲಸಿ ಗೋಡೆ ಸಾರಿಸಿದರೆ ಔಷಧ ಅದರಡಿ ಮುಚ್ಚಿಹೋಗುತ್ತದೆ. ಡಿಡಿಟಿ ಸಿಂಪಡಿಸಿದ ಕಡೆಗಳಲ್ಲೆಲ್ಲ ಕಂಡುಬಂದ ತೊಂದರೆಯಿದು. ಆಕೆಯನ್ನು ದೂರುವುದು ನ್ಯಾಯವಲ್ಲ. ಗೋಡೆಯ ಬಿಳಿ ಕಲೆ ಏತಕ್ಕೆಂದು ಮೊದಲೇ ತಿಳಿಸಿ ಹೇಳಬೇಕಾದವರು ಪಂಪು ಹಿಡಿದು ಬಂದವರು.

ಏನೇ ಇರಲಿ, ಜ್ವರ ಇಳಿಯಿತು. ಇಂಥ ಅನುಭವಗಳ ಬಲದ ಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅದಕ್ಕೆ ಮೊದಲು ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂಬುದು ಅಂದಾಜು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಬಂತು. ಈ ನಡುವೆ, 1958ರಲ್ಲಿ, ಕಾರ್ಯಕ್ರಮದ ಹೆಸರಿನಲ್ಲಿದ್ದ ‘ನಿಯಂತ್ರಣ’ ಹೋಗಿ ‘ನಿರ್ಮೂಲನ’ ಸೇರಿತ್ತು. ಹೆಸರು ಬದಲಾದಷ್ಟು ಸುಲಭವಾಗಿ ಸೊಳ್ಳೆ ಬದಲಾಗಲಿಲ್ಲ. ಹಲವು ಜಾತಿಗಳು ಡಿಡಿಟಿಗೆ ಜಗ್ಗದಾದವು, ಕಾವಲು ಸಡಿಲವಾಯಿತು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷ!

ಹಾಗಾದರೆ ಸೊಳ್ಳೆಯನ್ನೇ ಬೇರುಸಹಿತ ಕಿತ್ತವರು ಇಲ್ಲವೇ? ಇದ್ದಾರೆ. ಆಫ್ರಿಕದ ಅನಾಫಿಲಿಸ್ ಗ್ಯಾಂಬಿಯೇ ಸೊಳ್ಳೆ 1930ರಲ್ಲಿ ಬ್ರೆಜಿಲ್ ದೇಶಕ್ಕೆ ನುಸುಳಿತ್ತು. ಫ್ರೆಡ್ ಸೋಪರ್ ಎಂಬಾತನ ಮುಂದಾಳತ್ವದಲ್ಲಿ 1940ರ ಹೊತ್ತಿಗೆ ಅದನ್ನು ಅಲ್ಲಿಂದ ಇಲ್ಲವಾಗಿಸಿದರು. ಅದು ಹೊಸದಾಗಿ ಬಂದ ನೆಂಟ, ಇನ್ನೂ ಎಲ್ಲೆಡೆ ಬೇರೂರಿರಲಿಲ್ಲ. ಜೋಯಿಡಾದ ಹಳ್ಳದ ಸೊಳ್ಳೆಯಾದರೋ ಮನೆಯ ಮಗಳು.

ಈಗ ದಾಂಡೇಲಿಯಂಥ ಪೇಟೆಗಳಿಗೆ ಕಾಟ ಕೊಡುತ್ತಿರುವುದು ಡೆಂಗಿ ಹರಡುವ ಈಡಿಸ್ ಈಜಿಪ್ಟೈ. ಇದೂ ಆಫ್ರಿಕ ಮೂಲದ್ದೇ, ಆದರೆ ನೆಲೆಯೂರಿ ಬಹಳ ಕಾಲವಾಯಿತು. ಹಗಲು ಕಚ್ಚುತ್ತದೆ, ಗೋಡೆಗಿಂತ ಮಂಚದ ಅಡಿ, ತೂಗುಹಾಕಿದ ಬಟ್ಟೆಯ ಮರೆ ಇದಕ್ಕೆ ಇಷ್ಟ. ಹಾಗಾಗಿ 1946ರ ಉಪಾಯ ಇದಕ್ಕೆ ಅಷ್ಟಾಗಿ ನಾಟದು. ಮೊಟ್ಟೆಯಿಡುವುದು ನೀರಿನ ಡ್ರಮ್ಮಿನ ಒಳಮೈಗೆ, ನೀರಿನ ಅಂಚಿಗಿಂತ ತುಸು ಮೇಲೆ. ಅಂಟಿಕೊಂಡ ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಗಿದೊಡನೆ ಮರಿಯಾಗಬಲ್ಲವು. ಡ್ರಮ್ಮಿನ ನೀರು ಚೆಲ್ಲಿ ಬರಿದೇ ಬೋರಲು ಹಾಕಿದರೆ ಸಾಲದು. ವಾರಕ್ಕೊಮ್ಮೆ ಒಳಮೈಯನ್ನು ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಿ ತೊಳೆಯಬೇಕು.